‘ಹೋಲ್ಡ್ ಮಾಡಿ’ ಎಂದವರಿಗೆ ‘ಪರವಾಗಿಲ್ಲ ಬಿಡಿ ಸಾರ್’ ಎನ್ನಬೇಡಿ

ದಾವಣಗೆರೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ವೆಬ್ ಡಿಸೈನರ್ ಹುಡುಗನೊಬ್ಬನಿಗೆ ಆದದ್ದಿದು. ಕೆಲಸ ಕೈತಪ್ಪಿದ್ದರಿಂದ ಹೋದದ್ದಕ್ಕಿಂತ, ಆಮೇಲಿನ ನಾಲ್ಕು ದಿನದಲ್ಲಿ ಅವನು ತಾನೇ ಕಳೆದುಕೊಂಡದ್ದು ಹೆಚ್ಚು.

ಕೋಚಿಂಗ್ ಸಂಸ್ಥೆಯೊಂದಕ್ಕೆ ವೆಬ್‌ಸೈಟ್, ಜೊತೆಗೆ ಅಡ್ಮಿಷನ್ ಸೀಸನ್ನಿನ ಪೋಸ್ಟರು, ವಿಡಿಯೊ. ಒಪ್ಪಿದ ಮೊತ್ತ 1,20,000 ರೂಪಾಯಿ, ಅಡ್ವಾನ್ಸ್ 30,000. ಕರಾರು ಪತ್ರವಿಲ್ಲ. ಇವನ ಕೊಟೇಶನ್ನಿಗೆ ‘ಓಕೆ, ಶುರು ಮಾಡಿ’ ಎಂದು ವಾಟ್ಸಾಪಿನಲ್ಲಿ ಬಂದ ಉತ್ತರ, ಅಷ್ಟೆ. ಮುಕ್ಕಾಲು ಪಾಲು ಮುಗಿದಾಗ ಒಂದು ರಾತ್ರಿ ಸಂದೇಶ: ‘ಮ್ಯಾನೇಜ್‌ಮೆಂಟ್ ಸದ್ಯಕ್ಕೆ ಹೋಲ್ಡ್ ಮಾಡಿ ಅಂತಿದೆ.’ ಇವನು ‘ಪರವಾಗಿಲ್ಲ ಬಿಡಿ ಸಾರ್’ ಎಂದ. ಮೂರನೇ ದಿನ ನೋಡಿದರೆ ಇವನದೇ ವಿನ್ಯಾಸ ಸೈಟಿನಲ್ಲಿ ಓಡುತ್ತಿದೆ. ಸಿಟ್ಟಿಗೆ ಲಾಗಿನ್ ಆಗಿ ಸೈಟ್ ಇಳಿಸಿಬಿಟ್ಟ. ಮರುದಿನ ಅವರ ಕಡೆಯಿಂದ ಎರಡು ಮಾತು: ಅಡ್ವಾನ್ಸ್ ವಾಪಸ್ ಕೊಡು, ಇಲ್ಲದಿದ್ದರೆ ಪೊಲೀಸ್ ದೂರು.

ಲೆಕ್ಕದಲ್ಲಿ ಅವನಿಗೇ 60,000 ಬರಬೇಕಿತ್ತು. ಅದು ತಿರುಗುಬಾಣವಾದದ್ದು ಹೀಗೆ.

‘ಪರವಾಗಿಲ್ಲ ಬಿಡಿ’ ನಮ್ಮ ಕಡೆ ಬರೀ ಮರ್ಯಾದೆಯ ಮಾತು. ಆದರೆ 1872ರ ಕರಾರು ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ತನಗೆ ಬರಬೇಕಾದದ್ದನ್ನು ಯಾರಾದರೂ ಏನೂ ಪಡೆಯದೆಯೇ ಬಿಟ್ಟುಕೊಡಬಹುದು. ಎದುರು ವಕೀಲರು ಆ ಒಂದು ಸಾಲಿನ ಪ್ರಿಂಟ್ ತೆಗೆದು ‘ಇವರೇ ಬಿಟ್ಟುಕೊಟ್ಟಿದ್ದಾರೆ’ ಎಂದು ವಾದಿಸಬಹುದು. ಗೆಲ್ಲುತ್ತಾರೋ ಇಲ್ಲವೋ ಬೇರೆ ಮಾತು. ಆ ವಾದಕ್ಕೆ ಉತ್ತರ ಕೊಡುತ್ತಾ ಕೂರುವವರು ನೀವು. ಅದರ ಬದಲು ಅದೇ ದಿನ ಇಮೇಲ್ ಹೋಗಬೇಕು: ‘ನಿಮ್ಮ ಇಂಥ ತಾರೀಖಿನ ಸಂದೇಶ ತಲುಪಿದೆ. ಕೆಲಸ ನಿಲ್ಲಿಸಿದ್ದೇನೆ. ಇದು ರದ್ದತಿಯೋ ಮುಂದೂಡಿಕೆಯೋ ಏಳು ದಿನದೊಳಗೆ ಬರಹದಲ್ಲಿ ತಿಳಿಸಿ. ಇಲ್ಲಿಯವರೆಗಿನ ಕೆಲಸದ ಬಿಲ್ ಲಗತ್ತಿಸಿದ್ದೇನೆ. ಬಾಕಿಯ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ.’ ಬೈಗುಳ ಬೇಡ, ಅಳಲು ಬೇಡ. ‘ಹೋಲ್ಡ್’ ಎಂಬ ಪದಕ್ಕೆ ಅರ್ಥ ಕಟ್ಟಿಸದೆ ಬಿಟ್ಟರೆ ಆರು ತಿಂಗಳಾದ ಮೇಲೂ ‘ನಾವೆಲ್ಲಿ ಕ್ಯಾನ್ಸಲ್ ಮಾಡಿದ್ದೇವೆ’ ಎನ್ನುತ್ತಾರೆ.

ಸೈಟ್ ಇಳಿಸಿದ್ದಂತೂ ದೊಡ್ಡ ತಪ್ಪು. ಹೋಸ್ಟಿಂಗ್ ಅವರ ಹೆಸರಿನಲ್ಲಿದ್ದರೆ, ನಿಲ್ಲಿಸಿ ಎಂದ ಮೇಲೂ ಹಳೆಯ ಪಾಸ್‌ವರ್ಡ್ ಹಾಕಿ ಒಳಹೋಗಿ ಕೆಡಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಕೆಳಗೆ ಬರುತ್ತದೆ. ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಣದ ತಕರಾರು ಇದ್ದಕ್ಕಿದ್ದಂತೆ ಕ್ರಿಮಿನಲ್ ಆಗಿ, ಬಾಕಿ ಕೇಳಬೇಕಾದವನೇ ರಾಜಿಗೆ ಅಂಗಲಾಚುವ ಸ್ಥಿತಿ ಬರುತ್ತದೆ.

ಅವನ ಕೈಯಲ್ಲಿ ಇದಕ್ಕಿಂತ ಗಟ್ಟಿ ಅಸ್ತ್ರವಿತ್ತು. ಸಂಬಳದ ನೌಕರನಲ್ಲದವನು ಬರೆದ ಕೋಡ್ ಮತ್ತು ಪಠ್ಯದ ಕೃತಿಸ್ವಾಮ್ಯ, ಸಹಿ ಹಾಕಿ ಬರಹದಲ್ಲಿ ವರ್ಗಾಯಿಸುವ ತನಕ ಅವನದೇ. 1957ರ ಕಾಪಿರೈಟ್ ಕಾಯ್ದೆಯ 17 ಮತ್ತು 19ನೇ ಸೆಕ್ಷನ್ ನೋಡಿ. ‘ಬಾಕಿ ಪಾವತಿಸುವವರೆಗೆ ಇದನ್ನು ಬಳಸಲು ಅನುಮತಿಯಿಲ್ಲ’ ಎಂಬ ನೋಟಿಸ್ ಕೊಟ್ಟಿದ್ದರೆ ಮಾತುಕತೆಗೆ ಅವರೇ ಬರುತ್ತಿದ್ದರೇನೋ. ಫೋಟೊ, ವಿಡಿಯೊಗೆ ಮಾತ್ರ ಈ ಮಾತು ಹೊಂದುವುದಿಲ್ಲ: ಹಣ ಕೊಟ್ಟು ಮಾಡಿಸಿದ್ದಾದರೆ, ಬೇರೆ ಕರಾರಿಲ್ಲದಾಗ, ಅದು ಮಾಡಿಸಿದವರದು.

ಕರಾರು ಪತ್ರವಿಲ್ಲ ಎಂದು ಕೈಚೆಲ್ಲಬೇಕಿಲ್ಲ. ಕೊಟೇಶನ್, ಅದಕ್ಕೆ ಬಂದ ಓಕೆ, ಅಡ್ವಾನ್ಸ್ ಜಮೆಯಾದ ದಾಖಲೆ ಸೇರಿದರೆ ಕರಾರೇ. ಅಡ್ವಾನ್ಸಿನಲ್ಲಿ ಅವರು ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿದ್ದರೆ ನಿಮ್ಮ ಆದಾಯ ತೆರಿಗೆ ಖಾತೆಯಲ್ಲಿ ಕಾಣುತ್ತದೆ, ಅದೂ ಸಾಕ್ಷಿ. ಮಾಡಿದ ಕೆಲಸವನ್ನು ಅವರು ಬಳಸಿಕೊಂಡಿದ್ದರೆ, ಅದಕ್ಕೆ ಹಣ ಕೊಡಬೇಕು ಎನ್ನುವ ಕರಾರು ಕಾಯ್ದೆಯ 70ನೇ ಸೆಕ್ಷನ್ ಬೇರೆ ಇದೆ. ಆಗದೆ ಉಳಿದ ಕಾಲು ಭಾಗದ ಲಾಭವನ್ನೂ ಕೇಳಬಹುದು, ಆದರೆ ಎರಡು ಅಡ್ಡಿ. ‘ಇಷ್ಟು ದಿನದ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ರದ್ದು ಮಾಡಬಹುದು’ ಎಂಬ ಷರತ್ತಿಗೆ ಸಹಿ ಹಾಕಿದ್ದರೆ, ಆದ ಕೆಲಸದ ಹಣ ಮತ್ತು ನೋಟಿಸ್ ಅವಧಿಯದ್ದು ಬಿಟ್ಟು ಹೆಚ್ಚಿನದು ಸಿಗುವುದು ಕಷ್ಟ. ಷರತ್ತು ಇಲ್ಲದಿದ್ದರೂ ಅದೇ ಕಾಯ್ದೆಯ 73ನೇ ಸೆಕ್ಷನ್ ನಷ್ಟ ತಗ್ಗಿಸಿಕೊಳ್ಳಲು ನೀವೇನು ಮಾಡಿದಿರಿ ಎಂದು ಕೇಳುತ್ತದೆ. ಆದ್ದರಿಂದ ಬೇರೆ ಕೆಲಸ ಹುಡುಕಿ, ಹುಡುಕಿದ್ದಕ್ಕೆ ಸಾಕ್ಷಿಯಾಗಿ ಮೇಲ್‌ಗಳನ್ನು ಇಟ್ಟುಕೊಳ್ಳಿ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಅವನ ಹತ್ತಿರ ಇರಲಿಲ್ಲ. ಇದು ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಸಾಕು. ಸೈಬರ್ ಸೆಂಟರಿನಲ್ಲಿ ಕೇಳುವ ದುಡ್ಡು ಅವರ ಟೈಪಿಂಗ್ ಕೂಲಿ, ಸರ್ಕಾರದ ಶುಲ್ಕವಲ್ಲ. ನೋಂದಣಿಯಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಬೆನ್ನಿಗಿರುತ್ತದೆ. ಕೆಲಸ ಒಪ್ಪಿಸಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ಅದು ಒಪ್ಪಿಗೆಯಾದಂತೆ. ‘ಕ್ವಾಲಿಟಿ ಸರಿಯಿರಲಿಲ್ಲ’ ಎಂಬ ರಾಗ ಆಮೇಲೆ ನಡೆಯುವುದು ಕಷ್ಟ. ಪಾವತಿಗೆ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರನ್ನು ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ, ಇಂಥ ಬಾಕಿಯ ತಕರಾರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಕೊಡಬೇಕು. ಗಿರಾಕಿ ಬೆಂಗಳೂರಿನವರಾದರೂ ಮುಂಬೈಯವರಾದರೂ, ಕೆಲಸ ಮಾಡಿದವರು ಇರುವ ಕಡೆಯ ಕೌನ್ಸಿಲ್ಲಿಗೆ ಅಧಿಕಾರವಿದೆ. ತೀರ್ಪಿನ ವಿರುದ್ಧ ಅವರು ಕೋರ್ಟಿಗೆ ಹೋಗಬೇಕಾದರೆ ಮೊದಲು 75 ಪರ್ಸೆಂಟ್ ಠೇವಣಿ ಕಟ್ಟಬೇಕು. ರದ್ದಾದ ಮೇಲೆ ಓಡಿಹೋಗಿ ಮಾಡಿಸಿದ ನೋಂದಣಿ ಹಳೆಯ ಬಾಕಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಕೊಟೇಶನ್ ಕಳಿಸುವ ಮುಂಚೆಯೇ ಮಾಡಿಸಿರಬೇಕು.

ಗ್ರಾಹಕ ಆಯೋಗ, ಲೇಬರ್ ಆಫೀಸು ಅಲೆದು ತಿಂಗಳು ಕಳೆಯಬೇಡಿ. ನೀವು ಗ್ರಾಹಕರೂ ಅಲ್ಲ, ನೌಕರರೂ ಅಲ್ಲ. ಮೊತ್ತ ಚಿಕ್ಕದಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ಕೂರಿಸಬಹುದು. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ ಬಲವಿದೆ. ಅದೂ ಆಗದಿದ್ದರೆ ಸಿವಿಲ್ ದಾವೆ, ಮೂರು ವರ್ಷದೊಳಗೆ. ಅಲ್ಲಿಯವರೆಗೆ ಫೋನ್ ಎಕ್ಸ್‌ಚೇಂಜಿಗೆ ಹಾಕಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಾಟ್ಸಾಪ್ ಪ್ರತಿಗೆ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಚಾಟ್ ಇಡಿಯಾಗಿ ಎಕ್ಸ್‌ಪೋರ್ಟ್ ಮಾಡಿ, ತಾನಾಗಿ ಅಳಿಯುವ ಸೆಟ್ಟಿಂಗ್ ಇದ್ದರೆ ಇವತ್ತೇ ತೆಗೆಯಿರಿ.

ಕೊನೆಗೆ 20,000ದ ಚೆಕ್ ತೋರಿಸಿ ‘ಫುಲ್ ಅಂಡ್ ಫೈನಲ್’ ಎಂದು ಸಹಿ ಕೇಳುತ್ತಾರೆ. ಭಾಗಶಃ ಪಾವತಿ ಎಂದೇ ಬರೆದು ಸಹಿ ಹಾಕಿ, ಒಪ್ಪದಿದ್ದರೆ ಎದ್ದು ಬನ್ನಿ. ಆ ಚೆಕ್ಕನ್ನು ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್, ಅವರಿಗೆ ತಲುಪಿದ ಮೇಲೆ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳಲ್ಲಿ ದೂರು. ನೋಟಿಸ್ 31ನೇ ದಿನಕ್ಕೆ ಹೋದರೆ ಆ ಬೌನ್ಸಿನ ಮೇಲೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ (ಚೆಕ್ ಬೌನ್ಸ್) ಕೇಸ್ ನಿಲ್ಲುವುದಿಲ್ಲ.