ಕಲ್ಸಂಕದ ಗಾಣದ ಎಣ್ಣೆ, ನನ್ನ ಸುರುಳಿ ಕೂದಲು: ಒಂದು ವರ್ಷ ಬಳಸಿದ ಮೇಲೆ

ಉಡುಪಿಯ ಕಲ್ಸಂಕದ ಸಮೀಪದಲ್ಲಿರುವ ಸಣ್ಣ ಗಾಣವೊಂದರಿಂದ ಕಳೆದ ದೀಪಾವಳಿಯಿಂದ ಈ ದೀಪಾವಳಿಯವರೆಗೆ ತೆಂಗಿನೆಣ್ಣೆ ತಂದು ಬಳಸಿದ್ದೇನೆ. ತಲೆಗೆ ಎಣ್ಣೆ ಹಚ್ಚುವುದರಲ್ಲಿ ಬರೆಯುವಂಥದ್ದೇನಿದೆ ಎಂದು ಕರಾವಳಿಯವರಿಗೆ ಅನಿಸಬಹುದು. ಆದರೆ ನಾನು ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವಳು; ಕೆಲಸದ ನಿಮಿತ್ತ ಮಣಿಪಾಲಕ್ಕೆ ಬಂದು ಆರು ವರ್ಷವಾಯಿತು. ಬಿಗಿಯಾಗಿ ಸುತ್ತಿಕೊಳ್ಳುವ ನನ್ನಂಥ ಕೂದಲಿಗೆ ಯಾವ ಎಣ್ಣೆ ಹೇಗೆ ಒಗ್ಗುತ್ತದೆ ಎಂದು ಕನ್ನಡದಲ್ಲಿ ಬರೆದದ್ದು ನನಗೆ ಸಿಕ್ಕಲಿಲ್ಲ. ಇಂಥ ಕೂದಲಿರುವವರಿಗೂ ಇಂಥ ಕೂದಲಿನ ಮಕ್ಕಳ ತಲೆ ಬಾಚುವ ತಾಯಂದಿರಿಗೂ ಉಪಯೋಗವಾಗಲೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

"ನಿನ್ನ ಕೂದಲು ಬೆಳೆಯುವುದೇ ಇಲ್ಲವಲ್ಲ" ಎಂಬ ಮಾತನ್ನು ಶಾಲೆಯ ದಿನಗಳಿಂದ ಕೇಳಿದ್ದೇನೆ, ಬಹುಕಾಲ ನಂಬಿಯೂ ಇದ್ದೆ. ಅದು ನಿಜವಲ್ಲ. ಮನುಷ್ಯರ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆಫ್ರಿಕಾ ಮೂಲದವರ ಕೂದಲು ಅದಕ್ಕಿಂತ ತುಸು ನಿಧಾನ, ಆದರೂ ಬೆಳೆಯುತ್ತದೆ. ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ತುಂಡಾಗುತ್ತಿದ್ದರೆ ಉದ್ದ ಮಾತ್ರ ನಿಂತಲ್ಲೇ ನಿಂತಿರುತ್ತದೆ. ನೆತ್ತಿಯಲ್ಲಿ ಒಸರುವ ಸಹಜ ಜಿಡ್ಡು ನೇರ ಕೂದಲಿನ ಮೇಲೆ ಸಲೀಸಾಗಿ ಇಳಿಯುತ್ತದೆ. ಸುರುಳಿಯ ತಿರುವುಗಳನ್ನು ದಾಟಿ ತುದಿಯವರೆಗೆ ಅದು ತಲುಪುವುದೇ ಇಲ್ಲ. ಒಣಗಿದ ಎಳೆ ಬಾಚಣಿಗೆಗೆ ಸಿಕ್ಕಾಗ, ಪ್ರತಿ ತಿರುವೂ ಮುರಿಯಲು ಒಂದು ಜಾಗವಾಗುತ್ತದೆ.

ಉದುರಿದ ಕೂದಲು ಯಾವುದು, ತುಂಡಾದದ್ದು ಯಾವುದು ಎಂದು ತಿಳಿಯಲು ನಾನು ಬಿಳಿಯ ವಾಷ್ ಬೇಸಿನ್ನಿನ ಮೇಲೆ ತಲೆ ಬಾಚುವ ಅಭ್ಯಾಸ ಮಾಡಿಕೊಂಡೆ. ಬುಡಸಮೇತ ಉದುರಿದ ಎಳೆಯ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಗಂಟೊಂದು ಕಾಣುತ್ತದೆ. ದಿನಕ್ಕೆ 50ರಿಂದ 100 ಎಳೆ ಹಾಗೆ ಉದುರುವುದು ಎಲ್ಲರಿಗೂ ಸಹಜ. ನನ್ನ ಬೇಸಿನ್ನಿನಲ್ಲಿ ಬೀಳುತ್ತಿದ್ದವುಗಳಲ್ಲಿ ಹೆಚ್ಚಿನವು ಅರ್ಧ ಬೆರಳು ಉದ್ದದ, ಬಿಳಿ ಗಂಟಿಲ್ಲದ, ಉಂಗುರದಂತೆ ಸುತ್ತಿಕೊಂಡ ಚೂರುಗಳು. ಸಮಸ್ಯೆ ನೆತ್ತಿಯಲ್ಲಿಲ್ಲ, ತುದಿಯಲ್ಲಿದೆ ಎಂದು ಆಗಲೇ ಖಚಿತವಾಯಿತು. ಇದಕ್ಕೂ ಹಿಂದೆ ಮಂಗಳೂರಿನ ಒಂದು ಪಾರ್ಲರಿನಲ್ಲಿ ನನ್ನ ಕೂದಲನ್ನು ಕೈಯಲ್ಲಿ ಹಿಡಿದೂ ನೋಡದೆ "ಸ್ಮೂದನಿಂಗ್ ಮಾಡಿಸಿದರೆ ಎಲ್ಲ ಸರಿಯಾಗುತ್ತದೆ" ಎಂದಿದ್ದರು. ಮಾಡಿಸಿಕೊಂಡೆ, ನಾಲ್ಕೇ ತಿಂಗಳಲ್ಲಿ, ಹೊಸದಾಗಿ ಬೆಳೆದ ಸುರುಳಿಯೂ ನೇರ ಮಾಡಿದ ಭಾಗವೂ ಕೂಡುವ ಜಾಗದಲ್ಲೇ ಎಳೆಗಳು ಮುರಿದು ಬಿದ್ದವು. ಆ ನೋವು ನನಗೆ ಇನ್ನೂ ಮರೆತಿಲ್ಲ.

ಇನ್ನು ಗಾಣದ ವಿಷಯ. ಅಂಗಡಿ ಎರಡು ಕೋಣೆಯಷ್ಟು ದೊಡ್ಡದು. ಮುಂದೆ ತಕ್ಕಡಿ ಮತ್ತು ಕ್ಯಾನುಗಳು, ಹಿಂದೆ ವಿದ್ಯುತ್ತಿನಿಂದ ತಿರುಗುವ ಮರದ ಗಾಣ. ಒಳಗೆ ಕಾಲಿಟ್ಟೊಡನೆ ಹುರಿದ ಕೊಬ್ಬರಿಯ ಪರಿಮಳವಲ್ಲ, ಆಗಷ್ಟೇ ಒಡೆದ ಒಣ ಕೊಬ್ಬರಿಯ ಹಿತವಾದ ವಾಸನೆ ಬರುತ್ತದೆ. ಮೊದಲ ದಿನ ಅಂಗಡಿಯವರು ಎಣ್ಣೆ ಸುರಿಯುತ್ತಲೇ, "ಇದು ನಿನ್ನೆ ತೆಗೆದದ್ದು ಅಕ್ಕಾ, ನಾಲ್ಕು ದಿನ ಅಲ್ಲಾಡಿಸದೆ ಇಡಿ, ಮಡ್ಡಿ ಅಡಿಗೆ ಕೂರ್ತದೆ" ಎಂದರು. ನಾನು ಆತುರದಿಂದ ಮರುದಿನವೇ ಬಳಸಿ ದಿಂಬಿನ ಕವರಿಗೆ ಕಂದು ಕಲೆ ಮಾಡಿಕೊಂಡೆ. ಮಡ್ಡಿ ಕೂತ ಮೇಲೆ ಎಣ್ಣೆ ಕುಡಿಯುವ ನೀರಿನಷ್ಟು ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಕೊಬ್ಬರಿ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿದು ಎಣ್ಣೆಗೂ ಕಮಟು ವಾಸನೆ ತಗಲುತ್ತದೆ. ಇವರಲ್ಲಿ ಜುಲೈ ತಿಂಗಳಲ್ಲಿ ತಂದ ಎಣ್ಣೆಗೂ ಆ ವಾಸನೆ ಇರಲಿಲ್ಲ.

ಬಳಸುವ ಕ್ರಮವೇ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೂದಲು ನೀರಿನಲ್ಲಿ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಪದೇ ಪದೇ ಆದಾಗ ಎಳೆ ಸೊರಗುತ್ತದೆ. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯಬಲ್ಲದಾದ್ದರಿಂದ, ತೊಳೆಯುವ ಮೊದಲೇ ಹಚ್ಚಿದರೆ ನೀರಿನ ಈ ಪೆಟ್ಟು ಕಡಿಮೆಯಾಗುತ್ತದೆ. ಖನಿಜ ತೈಲ, ಸೂರ್ಯಕಾಂತಿ ಎಣ್ಣೆ ಮತ್ತು ತೆಂಗಿನೆಣ್ಣೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದನ್ನು ನಡೆಸಿದವರು ತೆಂಗಿನೆಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದನ್ನೂ ಓದುಗರು ತಿಳಿದಿರಬೇಕು. ನಾನು ವಾರಕ್ಕೊಮ್ಮೆ, ತಲೆ ಸ್ನಾನದ ಹಿಂದಿನ ರಾತ್ರಿ, ಕೂದಲನ್ನು ಆರು ಭಾಗ ಮಾಡಿ, ಕಿವಿಯ ಮಟ್ಟದಿಂದ ತುದಿಯವರೆಗೆ ಮಾತ್ರ ಎಣ್ಣೆ ಸವರಿ ಸಡಿಲವಾಗಿ ಹೆಣೆಯುತ್ತೇನೆ. ಬೆಳಿಗ್ಗೆ ಶಾಂಪೂವನ್ನು ನೆತ್ತಿಗಷ್ಟೇ ಹಾಕಿ, ಉಳಿದ ಭಾಗಕ್ಕೆ ಧಾರಾಳವಾಗಿ ಕಂಡೀಷನರ್ ಹಚ್ಚಿ, ಅದು ಕೂದಲ ಮೇಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸುತ್ತೇನೆ. ಬುಡದಿಂದ ಕೆಳಕ್ಕೆ ಎಳೆದರೆ ಎಲ್ಲ ಸಿಕ್ಕೂ ಒಂದೇ ಕಡೆ ಗಂಟಾಗಿ ಎಳೆಗಳು ಕಿತ್ತು ಬರುತ್ತವೆ.

ನೆತ್ತಿಗೆ ಈ ಎಣ್ಣೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಮೊದಲ ತಿಂಗಳು ಅಮ್ಮನ ಮಾತಿನಂತೆ ನೆತ್ತಿಗೂ ತಿಕ್ಕಿಕೊಂಡೆ. ಉಡುಪಿಯ ಸೆಕೆಯಲ್ಲಿ ಬೆವರೂ ಎಣ್ಣೆಯೂ ಸೇರಿ ತುರಿಕೆ, ಹೊಟ್ಟು ಎರಡೂ ಹೆಚ್ಚಿದವು. ಹೊಟ್ಟಿಗೆ ಕಾರಣವಾಗುವ ಯೀಸ್ಟ್ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ತೊಳೆದ ಮೇಲೆ ಒಣಗಿದ ಕೂದಲಿಗೆ ಇದನ್ನೊಂದನ್ನೇ ಹಚ್ಚಿದಾಗ ಎಳೆಗಳು ತೆಂಗಿನ ನಾರಿನಂತೆ ಬಿರುಸಾದದ್ದೂ ಇದೆ. ತೇವ ಕೊಡುವ ಕೆಲಸ ನೀರಿನದು, ಕಂಡೀಷನರಿನದು. ಎಣ್ಣೆಯಿಂದ ಅದನ್ನು ನಿರೀಕ್ಷಿಸಬಾರದು.

ಕತ್ತಿನ ಹಿಂಭಾಗದ ಒಂದು ಸುರುಳಿಯನ್ನು ನೇರವಾಗಿ ಎಳೆದು ಅಳೆದಾಗ ಕಳೆದ ದೀಪಾವಳಿಗೆ 14 ಸೆಂಟಿಮೀಟರ್ ಇತ್ತು, ಈಗ 22 ಇದೆ. ಅದರ ಹಿಂದಿನ ವರ್ಷವಿಡೀ ಅಳತೆ ಬದಲಾಗಿರಲೇ ಇಲ್ಲ. ಸುರುಳಿ ಸುತ್ತಿಕೊಂಡಾಗ ಕನ್ನಡಿಯಲ್ಲಿ ಇದರ ಅರ್ಧವೂ ಕಾಣುವುದಿಲ್ಲ, ಆದ್ದರಿಂದ ಅಳೆಯದೆ ಬೇಸರಪಡಬೇಡಿ. ಇದೇ ವರ್ಷ ನಾನು ಬಾಚಣಿಗೆ ಬದಲಿಸಿದ್ದೇನೆ, ಹತ್ತಿಯ ದಿಂಬಿಗೆ ಸ್ಯಾಟಿನ್ ಕವರ್ ಹೊಲಿಸಿದ್ದೇನೆ, ಬಿಗಿ ಜಡೆ ಬಿಟ್ಟಿದ್ದೇನೆ. ಹಾಗಾಗಿ ಪೂರ್ತಿ ಶ್ರೇಯಸ್ಸು ಎಣ್ಣೆಗೆ ಸಲ್ಲದು.

ಗಾಣದವರ ಬಗ್ಗೆ ನನ್ನ ಆಕ್ಷೇಪಗಳು ಎರಡು. ಬಾಟಲಿಯ ಮುಚ್ಚಳ ಸಡಿಲವಾಗಿ ಎರಡು ಸಲ ನನ್ನ ಚೀಲ ಹಾಳಾಯಿತು. ಎಣ್ಣೆ ತೆಗೆದ ದಿನಾಂಕವನ್ನು ಅವರು ಎಲ್ಲಿಯೂ ನಮೂದಿಸುತ್ತಿರಲಿಲ್ಲ. ನಾನು ಪ್ರತಿ ಸಲ ಕೇಳತೊಡಗಿದ ಮೇಲೆ ಈಗ ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಪೆನ್ನಿನಿಂದ ಬರೆದುಕೊಡುತ್ತಾರೆ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಎಲ್ಲೆಡೆ ಏರಿದಾಗ ಇಲ್ಲಿಯೂ ಏರಿತು. ಕೂದಲಿಗೆ ಮಾತ್ರವಾದರೆ ಕಾಲು ಲೀಟರ್ ನನಗೆ ಎರಡು ತಿಂಗಳಿಗೆ ಸಾಕಾಗುತ್ತದೆ, ಹೆಚ್ಚು ತಂದಿಡುವುದು ಬೇಡ. ಘಟ್ಟದ ಮೇಲಿನವರು ಕೊಂಡೊಯ್ದರೆ, 24 ಡಿಗ್ರಿಗಿಂತ ಚಳಿ ಇರುವಲ್ಲಿ ಇದು ಹೆಪ್ಪುಗಟ್ಟುತ್ತದೆ. ಜನವರಿಯಲ್ಲಿ ಅಮ್ಮ ಯಲ್ಲಾಪುರದಿಂದ ಫೋನ್ ಮಾಡಿ ಎಣ್ಣೆ ಕೆಟ್ಟಿದೆಯೇ ಎಂದು ಕೇಳಿದ್ದರು. ಕೆಟ್ಟಿರುವುದಿಲ್ಲ, ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ಐದು ನಿಮಿಷ ನಿಲ್ಲಿಸಿದರೆ ಕರಗುತ್ತದೆ.