ನಾಣ್ಯದ ದರ್ಜೆ: ಅಂಗಡಿಯವರ ಮಾತು, ಎನ್‌ಜಿಸಿ, ಪಿಸಿಜಿಎಸ್

ಆರನೇ ಜಾರ್ಜ್‌ನ 1945ರ ರೂಪಾಯಿ ಸವೆದಿದ್ದರೆ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಗೇ ಸಿಗುತ್ತದೆ. ಅದೇ ನಾಣ್ಯ ಮಿಂಟಿನಿಂದ ಹೊರಬಂದ ದಿನದ ಹೊಳಪನ್ನು ಉಳಿಸಿಕೊಂಡಿದ್ದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ನಾಣ್ಯ ಸವೆದಿದೆಯೋ ಇಲ್ಲವೋ ಎಂದು ಯಾರು ಹೇಳಬೇಕು? ಮುಂಬೈಯಲ್ಲಿರುವ ನಮ್ಮಂಥವರಿಗೆ ಮೂರು ದಾರಿಗಳಿವೆ. ಫೋರ್ಟ್ ಬಡಾವಣೆಯ ನಾಣ್ಯದ ಡೀಲರ್ ಹೇಳಿದ್ದನ್ನು ಒಪ್ಪಬಹುದು. ಇಲ್ಲವೇ ಏಜೆಂಟರ ಮೂಲಕ, ದುಡ್ಡು ತೆಗೆದುಕೊಂಡು ನಾಣ್ಯಕ್ಕೆ ದರ್ಜೆ ಹಾಕುವ ಅಮೆರಿಕದ ಕಂಪನಿಗಳಾದ ಎನ್‌ಜಿಸಿಗೋ ಪಿಸಿಜಿಎಸ್‌ಗೋ ಕಳಿಸಬಹುದು. ಮೂರನ್ನೂ ನಾನು ಇದೇ ಜಾರ್ಜ್ ರೂಪಾಯಿಗಳ ಮೇಲೆ ಪ್ರಯತ್ನಿಸಿ ನೋಡಿದ್ದೇನೆ.

ಮೊದಲು ಅಂಗಡಿ. ಇಲ್ಲಿ ದರ್ಜೆ ಬಾಯಿಮಾತಿನದು: ಸವೆತ ಕಡಿಮೆಯಾಗುತ್ತಾ ಹೋಗುವ ಕ್ರಮದಲ್ಲಿ ವಿಎಫ್, ಎಕ್ಸ್‌ಎಫ್, ಎಯು, ಕೊನೆಗೆ ಸವೆದೇ ಇಲ್ಲದ ಯುಎನ್‌ಸಿ. ದುಡ್ಡು ಖರ್ಚಾಗುವುದಿಲ್ಲ, ನಾಣ್ಯ ಕೈಯಲ್ಲೇ ಇರುತ್ತದೆ, ದೀಪದ ಕೆಳಗೆ ತಿರುಗಿಸಿ ನೋಡಬಹುದು. ಹಳಬರಾದ ಡೀಲರುಗಳ ಕಣ್ಣು ನಿಜಕ್ಕೂ ಚುರುಕು. ಆರನೇ ಜಾರ್ಜ್ ರೂಪಾಯಿಯಲ್ಲಿ ಮೊದಲು ಸವೆಯುವುದು ಕಿರೀಟದ ನಡುಭಾಗ, ಹುಬ್ಬು, ಕಿವಿಯ ಮೇಲಿನ ಕೂದಲು ಎಂದು ನನಗೆ ತೋರಿಸಿಕೊಟ್ಟವರು ಒಬ್ಬ ಡೀಲರೇ. ಆದರೆ ಅವರು ವ್ಯಾಪಾರಿಗಳೂ ಹೌದು ಅಲ್ವಾ? ಮಾರುವಾಗ ಯುಎನ್‌ಸಿ ಎಂದ ನಾಣ್ಯ, ವಾಪಸ್ ಕೊಳ್ಳುವಾಗ ಎಕ್ಸ್‌ಎಫ್‌ಗೆ ಇಳಿಯುತ್ತದೆ. ಒಂದೇ ರೂಪಾಯಿಗೆ ಅಕ್ಕಪಕ್ಕದ ಗಲ್ಲಿಗಳಲ್ಲಿ ಬೇರೆ ಬೇರೆ ದರ್ಜೆ ಕೇಳಿದ್ದೇನೆ.

ಅಮೆರಿಕದ ಕಂಪನಿಗಳಿಗೆ ಜನ ದುಡ್ಡು ಕೊಡುವುದು ಇದೇ ಕಾರಣಕ್ಕೆ. ದರ್ಜೆ ಹೇಳುವವರು ಬೇರೆ, ಮಾರುವವರು ಬೇರೆ. ಪಿಸಿಜಿಎಸ್ 1986ರಲ್ಲಿ ಕೆಲಸ ಶುರು ಮಾಡಿತು, ಎನ್‌ಜಿಸಿ ಮರುವರ್ಷ. ಎರಡೂ ಬಳಸುವುದು 1ರಿಂದ 70ರವರೆಗಿನ ಅಳತೆ. 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ಇದನ್ನು ರೂಪಿಸಿದ. 70 ಅಂಕದ ಸೆಂಟು 1 ಅಂಕದ ಸೆಂಟಿಗಿಂತ 70 ಪಟ್ಟು ಬೆಲೆಯದ್ದು ಎಂಬುದು ಅವನ ಲೆಕ್ಕ. ಬೆಲೆಯ ಲೆಕ್ಕ ಯಾವತ್ತೋ ಹೋಯಿತು, ಅಂಕ ಮಾತ್ರ ಉಳಿಯಿತು. 60ರಿಂದ ಮೇಲೆ ಎಂಎಸ್: ನಾಣ್ಯ ಚಲಾವಣೆಯಲ್ಲಿ ಸವೆದೇ ಇಲ್ಲ. 50ರಿಂದ 58ರವರೆಗೆ ಎಯು: ಉಬ್ಬಿದ ಜಾಗಗಳಲ್ಲಿ ಚೂರು ಸವೆತ ಇದೆ. ಎಂಎಸ್-61 ಎಂದರೆ ಎಯು-58ಕ್ಕಿಂತ ಚೆನ್ನಾಗಿರಲೇಬೇಕು ಎಂದೇನಿಲ್ಲ. ಚೀಲದಲ್ಲಿ ಬೇರೆ ನಾಣ್ಯಗಳಿಗೆ ಬಡಿದು ಮೈತುಂಬ ಗೀರಾದ ನಾಣ್ಯಕ್ಕೂ 61 ಸಿಗಬಹುದು. ಕಣ್ಣಿಗೆ ನನಗೆ 58ರದ್ದೇ ಎಷ್ಟೋ ಸಲ ಇಷ್ಟವಾಗಿದೆ.

ಅಲ್ಲಿ ಒಬ್ಬರಿಗಿಂತ ಹೆಚ್ಚು ಜನ ನಾಣ್ಯ ನೋಡುತ್ತಾರೆ. ಅದು ಯಾರದ್ದೆಂದು ಅವರಿಗೆ ಗೊತ್ತಿರುವುದಿಲ್ಲ. ಒಂದೇ ದೀಪದ ಕೆಳಗೆ ನಾಣ್ಯವನ್ನು ವಾಲಿಸುತ್ತಾ ಹೋಗುತ್ತಾರೆ. ಲಸ್ಟರ್, ಅಂದರೆ ಮಿಂಟಿನ ಮೂಲ ಹೊಳಪು, ಜೀವಂತವಾಗಿದ್ದರೆ ಬೆಳಕಿನ ಪಟ್ಟಿಗಳು ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತವೆ. ಸವೆದ ಜಾಗಕ್ಕೆ ಬಂದಾಗ ಆ ಪಟ್ಟಿ ತುಂಡಾಗುತ್ತದೆ. ಮನೆಯಲ್ಲೂ ಒಂದು ಟೇಬಲ್ ದೀಪ, ಒಂದು ಭೂತಗನ್ನಡಿ ಇದ್ದರೆ ಇದನ್ನು ನೋಡಬಹುದು. ಕಳಿಸುವ ಮೊದಲು ನೋಡಲೇಬೇಕು, ಯಾಕೆಂದರೆ ಶುಲ್ಕ, ವಿಮೆ, ಹೋಗಿಬರುವ ಸಾಗಣೆ ಎಲ್ಲ ಸೇರಿದರೆ ಸಾಧಾರಣ ರೂಪಾಯಿಯ ಬೆಲೆಯನ್ನೇ ಮೀರುತ್ತದೆ. ತಿಂಗಳುಗಟ್ಟಲೆ ಕಾಯುವುದೂ ಇದೆ.

ಎರಡು ಕಂಪನಿಗಳ ನಡುವೆ ಅಂಕದಲ್ಲಿ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಅಂಕ ಹಾಕಿದ ನಾಣ್ಯವನ್ನು ಅವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಒಂದು ಕಡೆಯ ಡಬ್ಬಿಯಲ್ಲಿದ್ದ ನಾಣ್ಯವನ್ನೇ ಇನ್ನೊಂದು ಕಡೆಗೆ ಕಳಿಸಿದಾಗ ಒಂದೇ ಒಂದು ಅಂಕ ಆಚೀಚೆ ಆಯಿತು. 62ಕ್ಕೂ 63ಕ್ಕೂ ಮಧ್ಯೆ ಅಷ್ಟು ಮನುಷ್ಯ ಸಹಜ. ವ್ಯತ್ಯಾಸ ಇರುವುದು ಡಬ್ಬಿಯಲ್ಲಿ, ಅಂದರೆ ಸ್ಲ್ಯಾಬ್‌ನಲ್ಲಿ. ಎನ್‌ಜಿಸಿಯದರಲ್ಲಿ ನಾಣ್ಯವನ್ನು ಸಣ್ಣ ಹಲ್ಲುಗಳು ಹಿಡಿದಿರುತ್ತವೆ, ಹಾಗಾಗಿ ಅಂಚು ಕಾಣುತ್ತದೆ. 1940ರಲ್ಲಿ ಬೆಳ್ಳಿಯನ್ನು 91.7 ಶೇಕಡಾದಿಂದ 50ಕ್ಕೆ ಇಳಿಸಿದ ಕಾಲದ ರೂಪಾಯಿಗಳಿಗೆ ನಕಲು ತಡೆಯುವ ವಿಶೇಷ ಸೆಕ್ಯುರಿಟಿ ಅಂಚು ಬಂತು. ಅದನ್ನು ನೋಡುವುದೇ ಒಂದು ಸಂತೋಷ. ಪಿಸಿಜಿಎಸ್‌ನಿಂದ ಬಂದ ನನ್ನ ಸ್ಲ್ಯಾಬುಗಳಲ್ಲಿ ಸುತ್ತ ಉಂಗುರ ಇರುವುದರಿಂದ ಅಂಚು ಸರಿಯಾಗಿ ಕಾಣುವುದಿಲ್ಲ. ಆದರೆ ನಾಣ್ಯದ ಮುಖ ನೋಡಲು ಪಿಸಿಜಿಎಸ್ ಚೆಂದ, ಅವರು ತೆಗೆಯುವ ಟ್ರೂವ್ಯೂ ಫೋಟೋದಲ್ಲಿ ಟೋನಿಂಗ್‌ನ, ಅಂದರೆ ಕಾಲ ಕಳೆದಂತೆ ಬೆಳ್ಳಿಯ ಮೇಲೆ ಮೂಡುವ, ಬಣ್ಣಗಳು ಬಹಳ ಚೆನ್ನಾಗಿ ಬರುತ್ತವೆ. ನಕಲಿ ಸ್ಲ್ಯಾಬುಗಳೂ ಓಡಾಡುತ್ತಿವೆ. ಕೊಳ್ಳುವಾಗ ಲೇಬಲ್ಲಿನ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಜೊತೆ ಹೋಲಿಸಿ ನೋಡಿ.

ಇಷ್ಟೆಲ್ಲ ಹೇಳಿದರೂ, ನಮ್ಮ ಮನೆಗಳ ನಾಣ್ಯಗಳ ವಿಷಯದಲ್ಲಿ ಅಂಕಕ್ಕಿಂತ ಮುಖ್ಯವಾದದ್ದು ಬೇರೆ. ಮಾಟುಂಗಾದ ನಮ್ಮ ಅತ್ತೆ ಪ್ರತಿ ದೀಪಾವಳಿಗೆ ಲಕ್ಷ್ಮಿ ಮುಂದೆ ಇಡುವ ಬೆಳ್ಳಿ ರೂಪಾಯಿಗಳಿಗೆ ಹುಣಸೆಹಣ್ಣು ಹಚ್ಚಿ ಫಳಫಳ ಅನ್ನುವ ಹಾಗೆ ತಿಕ್ಕುತ್ತಾರೆ. ಪೂಜೆಗೆ ಅದು ಸರಿಯೇ. ದರ್ಜೆಯ ಮಟ್ಟಿಗೆ ಮಾತ್ರ ಅದು ಮೇಲ್ಮೈಯ ಕೊನೆ. ತಿಕ್ಕಿದಾಗ ಬೀಳುವ ಒಂದೇ ದಿಕ್ಕಿನ ಸಣ್ಣ ಗೆರೆಗಳು ಭೂತಗನ್ನಡಿಯಲ್ಲಿ ಸ್ಪಷ್ಟ ಕಾಣುತ್ತವೆ. ಇಂಥ ನಾಣ್ಯಕ್ಕೆ ಎರಡೂ ಕಂಪನಿಗಳು ಅಂಕ ಕೊಡುವುದಿಲ್ಲ. "ಎಯು ಡೀಟೇಲ್ಸ್, ಕ್ಲೀನ್ಡ್" ಎಂದು, ಅಂದರೆ ಚಿತ್ರ ಎಯು ಮಟ್ಟದ್ದು ಆದರೆ ತಿಕ್ಕಿದ್ದಾರೆ ಎಂದು, ಬರೆದು ಕಳಿಸುತ್ತವೆ. ಸರಕ್ಕೆಂದು ಕೊಂಡಿ ಬೆಸೆದು ತೆಗೆದ ನಾಣ್ಯದ ಗತಿಯೂ ಅದೇ. ಅಂಗಡಿಯಲ್ಲಿ ಮಾತ್ರ ತಿಕ್ಕಿದ ರೂಪಾಯಿ ಎಷ್ಟೋ ಸಲ ಯುಎನ್‌ಸಿ ಎಂದೇ ಹೋಗುತ್ತದೆ. ಬಾಯಿಮಾತಿಗೂ ಸ್ಲ್ಯಾಬ್‌ಗೂ ನಾನು ಕಂಡ ದೊಡ್ಡ ಅಂತರ ಇದೇ. ಕಪ್ಪಾಗಿರುವ ನಾಣ್ಯ ನಿಮ್ಮಲ್ಲಿದ್ದರೆ ದಯವಿಟ್ಟು ಕಪ್ಪಾಗಿಯೇ ಬಿಡಿ.

ಇನ್ನೊಂದು ವಿಷಯ ಕಾನೂನಿನದು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ, ದರ್ಜೆ ಹಾಕಿಸಲಿಕ್ಕೂ ಇಲ್ಲ. ಹಾಗಾಗಿ 1862ರ ವಿಕ್ಟೋರಿಯಾ ರೂಪಾಯಿ, ಐದನೇ ಜಾರ್ಜ್‌ನ 1911ರ ರೂಪಾಯಿ ಎರಡೂ ಈ ಆಟದಿಂದ ಹೊರಗೆ. 1911ರದ್ದರಲ್ಲಿ ರಾಜನ ಉಡುಪಿನ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ, ಮುಂದಿನ ವರ್ಷ ಚಿತ್ರ ತಿದ್ದಿದರು. ಇಂಥವಕ್ಕೆ ನಿಮ್ಮ ಕಣ್ಣು, ನಂಬಿಕೆಯ ಡೀಲರ್, ಹಿರಿಯ ಸಂಗ್ರಾಹಕರ ಮಾತು ಇಷ್ಟೇ ಗತಿ. ಫೋರ್ಟ್‌ನ ರಿಸರ್ವ್ ಬ್ಯಾಂಕ್ ನಾಣ್ಯ ಸಂಗ್ರಹಾಲಯಕ್ಕೂ ಹೋಗಿ ಬನ್ನಿ, ಒಳ್ಳೆಯ ನಾಣ್ಯ ನೋಡಿದಷ್ಟೂ ಕಣ್ಣು ಪಳಗುತ್ತದೆ.

ನನ್ನ ಆಯ್ಕೆ ಈಗ ಹೀಗಿದೆ. ಅಪರೂಪದ 1939ರ ರೂಪಾಯಿ ಸಿಕ್ಕರೆ ಎನ್‌ಜಿಸಿಗೇ ಕಳಿಸುತ್ತೇನೆ, ಯಾಕೆಂದರೆ ಅದರಲ್ಲಿ ಅಂಕಕ್ಕಿಂತ ಮೊದಲು ಅಸಲಿಯೇ ಎಂಬುದು ತೀರ್ಮಾನವಾಗಬೇಕು, ಅಂಚೂ ಕಾಣಬೇಕು. ಬಣ್ಣ ಬಣ್ಣದ ಟೋನಿಂಗ್ ಇರುವ, ಯಾರೂ ಮುಟ್ಟದ ರೂಪಾಯಿಗಳು ಪಿಸಿಜಿಎಸ್‌ಗೆ. ಎಂಎಸ್-63ಕ್ಕಿಂತ ಕೆಳಗೆ ಬರಬಹುದು ಅನ್ನಿಸಿದ 1940ರ ದಶಕದ ಸಾಮಾನ್ಯ ನಾಣ್ಯಗಳು, ಹುಲಿ ಇರುವ 1947ರ ನಿಕಲ್ ರೂಪಾಯಿಗಳು ಫೋರ್ಟ್ ದಾಟುವುದಿಲ್ಲ. ಮಿಂಟಿನವರೇ ಸಂಗ್ರಾಹಕರಿಗೆಂದು ವಿಶೇಷವಾಗಿ ಅಚ್ಚು ಹಾಕಿ ಮಾರುವ ಹೊಸ ಪ್ರೂಫ್ ಸೆಟ್‌ಗಳನ್ನು 70 ಅಂಕದ ಆಸೆಗೆ ಒಡೆದು ಕಳಿಸುವುದು ನನಗೆ ಸುಮ್ನೆ ಖರ್ಚು ಅನ್ನಿಸುತ್ತದೆ, ಅವು ಬಂದ ಪೆಟ್ಟಿಗೆಯಲ್ಲೇ ಇರಲಿ.