ಶಿಖರ ಇಳಿದು ಮನೆಗೆ ಬಂದ ಮೇಲೆ: ಪೂರ್ತಿ ವಿಶ್ರಾಂತಿಯೋ, ಹಗುರ ಓಡಾಟವೋ?

8,000 ಮೀಟರ್ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರನೇ ಒಂದು ಭಾಗ. ಅಲ್ಲಿಂದ ಬಂದವರ ಮೈಯಲ್ಲಿ ಕರಗಿರುವುದು ಬರೀ ಕೊಬ್ಬಲ್ಲ, ಸ್ನಾಯು ಕೂಡ.

ಮೊದಲ ಕೆಲವು ದಿನ ಮಲಗುವುದೇ ಸರಿ. ಎತ್ತರದಲ್ಲಿ ಕೆಟ್ಟಿದ್ದ ನಿದ್ದೆ ಮೊದಲು ದಾರಿಗೆ ಬರಬೇಕು, ಅಲ್ವಾ? ಆದರೆ ವಾರಗಟ್ಟಲೆ ಸುಮ್ನೆ ಬಿದ್ದುಕೊಂಡರೆ ಸ್ನಾಯು ಇನ್ನಷ್ಟು ಸೊರಗುತ್ತದೆ.

ಆಮೇಲೆ ನನ್ನ ಓಟು ಹಗುರ ಓಡಾಟಕ್ಕೆ. ಸಮತಟ್ಟು ದಾರಿ, ಮಾತಾಡುತ್ತಾ ನಡೆಯುವಷ್ಟೇ ವೇಗ. ಇದರಲ್ಲೂ ಒಂದು ಮೋಸವಿದೆ. ಆಮ್ಲಜನಕ ಹೊರುವ ಕೆಂಪು ರಕ್ತಕಣಗಳು ಎತ್ತರದಲ್ಲಿ ಹೆಚ್ಚಿರುತ್ತವೆ, ಇಳಿದ ತಕ್ಷಣ ಕಡಿಮೆಯಾಗುವುದಿಲ್ಲ. ಮೂರು ಮಹಡಿ ಮೆಟ್ಟಿಲು ಹತ್ತಿದರೂ ಏದುಸಿರು ಬರದೆ ಇರಬಹುದು. ‘ಆಹಾ, ಪೂರ್ತಿ ಫಿಟ್’ ಅನ್ನಿಸುತ್ತದೆ. ಉಸಿರು ರೆಡಿ, ತೊಡೆ ಮಾತ್ರ ರೆಡಿ ಇರುವುದಿಲ್ಲ! ಆ ಹುಮ್ಮಸ್ಸಿನಲ್ಲಿ ಓಟಕ್ಕಿಳಿದರೆ ಮಂಡಿ ನೋವು ಮೈಮೇಲೆ ಎಳೆದುಕೊಂಡ ಹಾಗೆ. ಭಾರ ಎತ್ತುವುದನ್ನೂ ನಿಧಾನಕ್ಕೆ ಶುರುಮಾಡಿ, ಊಟದಲ್ಲಿ ಪ್ರೋಟೀನ್ ಜಾಸ್ತಿ ಇರಲಿ.

ಕಾಲ್ಬೆರಳಿಗೆ ಹಿಮಗಡಿತ (ವಿಪರೀತ ಚಳಿಗೆ ಚರ್ಮ, ಮಾಂಸ ಹೆಪ್ಪುಗಟ್ಟಿ ಕೆಡುವುದು) ಆಗಿದ್ದರೆ ಲೆಕ್ಕವೇ ಬೇರೆ. ಡಾಕ್ಟರ್ ಹೇಳುವವರೆಗೆ ನಡಿಗೆ ಬೇಡ. ಇನ್ನು, ಉದ್ದ ವಿಮಾನ ಪ್ರಯಾಣದ ನಂತರ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ವಿಶ್ರಾಂತಿಯೂ ಅಲ್ಲ, ಓಡಾಟವೂ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.